ಮುಚ್ಚಿದ ಬಾಗಿಲಿನ ಮುಂದೆ: ಹೆವಿ ಮೆಟಲ್ ಗೀತೆಗಳಲ್ಲಿ ಮಾಯಾಲೋಕ

ಹೆವಿ ಮೆಟಲ್ ಗೀತೆಗಳ ಮಾಯಾಲೋಕವನ್ನು ‘ಪಲಾಯನವಾದ’ವೆಂಬ ಒಂದೇ ಮಾತಿನಿಂದ ತಳ್ಳಿಹಾಕುವ ವಾಡಿಕೆಯುಂಟು. ಈ ಪ್ರಕಾರದ ಎಷ್ಟೋ ಹಾಡುಗಳಲ್ಲಿ ಡ್ರ್ಯಾಗನ್ನು ಬರಿಯ ಅಲಂಕಾರವೆಂಬುದೂ ನಿಜವೇ. ಆದರೆ ಜರ್ಮನಿಯ ಕ್ರೇಫೆಲ್ಡ್ ನಗರದ ಬ್ಲೈಂಡ್ ಗಾರ್ಡಿಯನ್ ತಂಡದ ರಚನೆಗಳಿಗೆ ಈ ತೀರ್ಮಾನ ಒಪ್ಪುವುದಿಲ್ಲ.

1995ರ ‘ಇಮ್ಯಾಜಿನೇಷನ್ಸ್ ಫ್ರಮ್ ದಿ ಅದರ್ ಸೈಡ್’ ಸಂಕಲನದ ಶೀರ್ಷಿಕೆ ಗೀತೆಯ ನಿರೂಪಕನು ಮಾಯಾಲೋಕಕ್ಕೆ ಓಡಿಹೋದವನಲ್ಲ. ಬಾಲ್ಯದಲ್ಲಿ ತನಗೆ ತೆರೆದಿದ್ದ ಕಥಾಲೋಕದ ಬಾಗಿಲನ್ನು ವಯಸ್ಕನಾಗಿ ಹುಡುಕುತ್ತಿರುವವನು. ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಂತ್ರಿಕ ಕಥೆಗಳಲ್ಲಿ ಗುರುತಿಸಿದ 31 ಕ್ರಿಯಾಘಟಕಗಳಲ್ಲಿ ನಾಯಕನ ಮರಳುವಿಕೆಯೂ ಒಂದು. ಅಲ್ಲಿ ನಾಯಕನು ಅನ್ಯಲೋಕವನ್ನು ಹೊಕ್ಕು, ಗೆದ್ದು, ಮನೆಗೆ ಬರುತ್ತಾನೆ. ಇಲ್ಲಿಯಾದರೋ ಅನ್ಯಲೋಕವೇ ಮನೆ. ಮರಳುವ ದಾರಿಯೇ ಕಾಣದು. 1947ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಟೋಲ್ಕಿನ್, ಸೆರೆಯಾಳಿನ ಬಿಡುಗಡೆಯ ಬಯಕೆಯನ್ನೂ ರಣಹೇಡಿಯ ಓಟವನ್ನೂ ಒಂದೆಂದು ಎಣಿಸುವ ವಿಮರ್ಶಕರನ್ನು ಆಕ್ಷೇಪಿಸಿದ್ದರು. ಈ ಗೀತೆಯ ಸೆರೆಯಾಳಿಗೆ ಬಯಕೆಯಿದೆ, ಬಿಡುಗಡೆಯಿಲ್ಲ. ಆದಕಾರಣ ಇದನ್ನು ಪಲಾಯನಗೀತೆ ಎನ್ನುವುದಕ್ಕಿಂತ ಶೋಕಗೀತೆ ಎನ್ನುವುದೇ ಯುಕ್ತ.

ಮುದ್ರಿತ ಪಠ್ಯವನ್ನಷ್ಟೇ ಓದುವ ವಿಮರ್ಶೆಗೆ ದಕ್ಕದ ಇನ್ನೊಂದು ಸಂಗತಿಯಿದೆ; ಅದು ಪ್ರದರ್ಶನ. 1992ರ ‘ಸಮ್‌ವೇರ್ ಫಾರ್ ಬಿಯಾಂಡ್’ ಸಂಕಲನದಲ್ಲಿ ಅಲೆಮಾರಿ ಗಾಯಕರನ್ನು ಕುರಿತ ‘ದಿ ಬಾರ್ಡ್ಸ್ ಸಾಂಗ್’ ಎಂಬ ಗೀತೆಯಿದೆ. ವೇದಿಕೆಯ ಮೇಲೆ ಅದು ಅಬ್ಬರವಿಲ್ಲದೆ, ಗಿಟಾರಿನ ಮೆಲುನಾದದೊಡನೆ ಆರಂಭವಾಗುತ್ತದೆ. 2003ರ ನೇರ ಪ್ರದರ್ಶನದ ಧ್ವನಿಮುದ್ರಣವನ್ನು ಕೇಳಿದವರಿಗೆ ಗೊತ್ತು: ಅಲ್ಲಿ ಹಾಡನ್ನು ಹೊತ್ತು ನಡೆಸುವವರು ಹಾನ್ಸಿ ಕ್ಯೂರ್ಶ್ ಅಲ್ಲ, ನೆರೆದ ಸಭೆ. ಒಬ್ಬಂಟಿ ನಿರೂಪಕನಿಗೆ ತೆರೆಯದ ಲೋಕದೊಳಗೆ ಆ ಸಭೆ ಹಾಡು ಮುಗಿಯುವವರೆಗೆ ಒಟ್ಟಿಗೆ ನಿಂತಿರುತ್ತದೆ.