ಒಲೆಯ ಮುಂದಿನ ಅದ್ಭುತ

ಬಿ. ವಿಠಲಾಚಾರ್ಯರ ಮಾಯಾಮಂತ್ರದ ಚಿತ್ರಗಳನ್ನು ನಮ್ಮ ವಿದ್ವಜ್ಜನರು ಬಹುಕಾಲ ಪಾಮರರಂಜನೆಯ ಕಣ್ಕಟ್ಟೆಂದು ಬಗೆದು ಬದಿಗಿರಿಸಿದರು. ದೆವ್ವ, ಬೆಂಕಿಯುಗುಳುವ ಮಾಂತ್ರಿಕ, ಕುಣಿಯುವ ಅಸ್ಥಿಪಂಜರ, ಇವುಗಳಲ್ಲಿ ಕಲಾವಿಚಾರಕ್ಕೆ ತಕ್ಕುದೇನಿದೆಯೆಂಬುದು ಅವರ ಭಾವ. ಆದರೆ ಅಜ್ಜಿಯಿಂದ ಮೊಮ್ಮಗನವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ, ಒಟ್ಟಿಗೆ ಬೆದರಿ, ಒಟ್ಟಿಗೆ ನಕ್ಕ ಕಲಾಪ್ರಕಾರವೊಂದು ಹೇಗೆ ಕೆಲಸಮಾಡುತ್ತದೆಂಬುದನ್ನು ಪರಿಶೀಲಿಸದೆ ಅದಕ್ಕೆ ಬೆಲೆ ಕಟ್ಟುವುದು ಉಚಿತವಲ್ಲ. ಪರಿಶೀಲಿಸಿದಷ್ಟೂ ನನಗೆ ದೃಢವಾಗುವುದೇನೆಂದರೆ, ಈ ಚಿತ್ರಗಳ ಅದ್ಭುತರಸವು ತನ್ನ ಬಲವನ್ನೆಲ್ಲ ಗೃಹಕೃತ್ಯದ ಅತಿಪರಿಚಿತ ವಸ್ತುಗಳಿಂದಲೇ ಪಡೆಯುತ್ತದೆ. ಆ ಮರ್ಮವು ಆಚಾರ್ಯರಿಗೆ ಕರಗತವಾದದ್ದು, ಮದರಾಸಿನ ಸ್ಟುಡಿಯೋಗಳನ್ನು ಸೇರುವುದಕ್ಕೆ ಬಹು ಮೊದಲೇ, ಹಾಸನ ಜಿಲ್ಲೆಯ ಟೆಂಟುಗಳಲ್ಲಿ.

ಉಡುಪಿಯ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಜನಿಸಿದ ಈ ಬಾಲಕನು ಎಳೆವಯಸ್ಸಿನಲ್ಲಿಯೇ ಮನೆಬಿಟ್ಟು ಅರಸೀಕೆರೆಯನ್ನು ಸೇರಿ, ಸಣ್ಣಪುಟ್ಟ ಕೆಲಸಗಳಲ್ಲಿ ಹೊಟ್ಟೆಹೊರೆದು, ಕ್ರಮೇಣ ಹೋಟೆಲೊಂದರ ಯಜಮಾನನಾಗಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡುಬಂದ ಮೇಲೆ, ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಗೆಳೆಯರೊಡನೆ ಟೂರಿಂಗ್ ಟಾಕೀಸು ಕಟ್ಟಿದನು. ಹಾಸನ ಜಿಲ್ಲೆಯಲ್ಲಿ ಸಂಚರಿಸಿದ ಆ ಉದ್ಯಮವೇ ಬೆಳೆದು, ಡಿ. ಶಂಕರ್ ಸಿಂಗ್ ಅವರ ಜೊತೆಗೂಡಿ ಮೈಸೂರಿನಲ್ಲಿ ‘ಮಹಾತ್ಮ ಪಿಕ್ಚರ್ಸ್’ ಆಯಿತು. ‘ನಾಗಕನ್ನಿಕಾ’ 1949ರಲ್ಲಿ, ಸಿಂಗರು ನಿರ್ದೇಶಿಸಿದ ‘ಜಗನ್ಮೋಹಿನಿ’ 1951ರಲ್ಲಿ ಹೊರಬಂದವು. ಮರುವರ್ಷ ‘ಶ್ರೀನಿವಾಸ ಕಲ್ಯಾಣ’ದಿಂದ ಆಚಾರ್ಯರು ಸ್ವತಃ ನಿರ್ದೇಶಕರಾದರು. ಮುಂದೆ ತೆಲುಗು ಸೀಮೆಯವರು ಇವರನ್ನು ‘ಜಾನಪದ ಬ್ರಹ್ಮ’ನೆಂದು ಕೊಂಡಾಡಿದ್ದು ಸರ್ವವಿದಿತ. ಅವರ ಕೀರ್ತಿಯ ಬೇರುಗಳು ಅರಸೀಕೆರೆಯ ಮಣ್ಣಿನಲ್ಲಿದ್ದುವೆಂಬುದನ್ನು ಕನ್ನಡಿಗರು ಇನ್ನೂ ಸಾಕಷ್ಟು ಮನಗಂಡಿಲ್ಲವೆಂಬುದು ನನ್ನ ಕೊರಗು.

ಟೆಂಟೆಂಬುದು ಎಂತಹ ರಂಗಸ್ಥಳವೆಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಾಗಲಿ, ಅರಕಲಗೂಡಿನಲ್ಲಾಗಲಿ, ಶ್ರವಣಬೆಳಗೊಳದ ಯಾತ್ರಿಕರು ಹಾದುಹೋಗುವ ಚನ್ನರಾಯಪಟ್ಟಣದಲ್ಲಾಗಲಿ, ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರಾಚೆಯ ಬಯಲಿನಲ್ಲಿ ಎದ್ದುನಿಲ್ಲುವ ಆ ಕ್ಯಾನ್ವಾಸಿನ ಚಪ್ಪರಕ್ಕೆ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು, ಮರಳ ಮೇಲೆ ಚಾಪೆ ಹಾಸಿ, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು, ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟುಕೊಂಡು ಆಟಕ್ಕೆ ಕಾಯುತ್ತಿದ್ದರು. ಒಂದೇ ಪ್ರೊಜೆಕ್ಟರಿನ ಟೆಂಟಿನಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಮಕ್ಕಳು ಎದ್ದು ಓಡುತ್ತಿದ್ದರು, ಕಡಲೆಕಾಯಿ ಮಾರುವವನು ಒಳನುಗ್ಗುತ್ತಿದ್ದನು. ಹೀಗೆ ಪದೇಪದೇ ಕತ್ತರಿಸಿಹೋಗುವ ಗಮನವನ್ನು ಮರಳಿ ಹಿಡಿಯಬೇಕಾದರೆ ಪ್ರತಿಯೊಂದು ರೀಲಿನಲ್ಲಿಯೂ ಕಣ್ಣರಳಿಸುವಂತಹದೊಂದು ಇರಲೇಬೇಕು. ಆಚಾರ್ಯರ ಚಿತ್ರಗಳ ರಚನೆ ಸಡಿಲವೆಂದು, ಪವಾಡದಿಂದ ಪವಾಡಕ್ಕೆ ಜಿಗಿಯುತ್ತದೆಂದು ಆಕ್ಷೇಪಿಸುವವರು, ಸಡಿಲವೆಂದು ಕಾಣುವ ಆ ಕಟ್ಟಿನ ಹಿಂದೆ ಟಿಕೀಟು ಹರಿದುಕೊಟ್ಟು ಪ್ರೇಕ್ಷಕರ ಮುಖವನ್ನು ರಾತ್ರಿ ರಾತ್ರಿ ಓದಿದವನ ಅನುಭವವುಂಟೆಂದು ಅರಿಯಬೇಕು.

ಆ ಪ್ರೇಕ್ಷಕರಾದರೂ ಅದ್ಭುತಕ್ಕೆ ಹೊಸಬರಾಗಿರಲಿಲ್ಲ. ಮೂಡಲಪಾಯದ ರಕ್ಕಸವೇಷವನ್ನೂ, ರಾಮರಾವಣರ ಇಡೀ ಪ್ರಸಂಗವೊಂದನ್ನು ಒಂದೇ ಚರ್ಮದ ಹಾಳೆಯಲ್ಲಿ ಕೊರೆದು ಬೆಳಕಿಗೆ ಹಿಡಿಯುವ ತೊಗಲುಗೊಂಬೆಯನ್ನೂ ಕಂಡವರು, ಬರೆದ ರೂಪಕ್ಕೂ ಜೀವಂತ ಕಂಠಕ್ಕೂ ಬೆಸುಗೆಯಾಗುವುದನ್ನು ತಲೆಮಾರುಗಳಿಂದ ಒಪ್ಪಿಕೊಂಡೇ ಬಂದಿದ್ದರು.

ಇನ್ನು ‘ಜಗನ್ಮೋಹಿನಿ’ಯನ್ನೇ ನೋಡೋಣ. ಕನ್ನಡದ ಹಳೆಯ ಕಥೆಯನ್ನು ಆಚಾರ್ಯರು 1978ರಲ್ಲಿ ಮತ್ತೆ ತೆಲುಗಿನಲ್ಲಿ ತೆಗೆದಾಗ ಜಯಮಾಲಿನಿ ಪ್ರೇತರೂಪಿಣಿಯ ಪಾತ್ರವನ್ನು ಧರಿಸಿದರು. ಅದರಲ್ಲೊಂದು ದೃಶ್ಯ: ಅಡಿಗೆಗೆ ಕುಳಿತ ಆ ಹೆಣ್ಣು ಸೌದೆಗೆ ಬದಲಾಗಿ ತನ್ನ ಕಾಲನ್ನೇ ಒಲೆಗೆ ಒಡ್ಡುತ್ತಾಳೆ, ಕಾಲು ಉರಿಯುತ್ತದೆ, ಅಡಿಗೆ ಬೇಯುತ್ತದೆ. ಇಷ್ಟೇ. ಆಕಾಶ ಬಿರಿಯಲಿಲ್ಲ, ಅರಮನೆ ಕುಸಿಯಲಿಲ್ಲ. ಆದರೆ ಹಸಿಸೌದೆಯ ಹೊಗೆಗೆ ಕಣ್ಣೀರಿಟ್ಟು ಊದುಕೊಳವೆ ಹಿಡಿದು ದಿನವೂ ಒಲೆಯ ಮುಂದೆ ಬೆಂದ ಸ್ತ್ರೀಯರಿಗೆ ಆ ದೃಶ್ಯವು ಏಕಕಾಲಕ್ಕೆ ಭಯಾನಕವೂ, ಹಾಸ್ಯವೂ, ಎಲ್ಲೋ ಒಳಗೆ ತಮ್ಮ ಬಾಳಿನ ಸತ್ಯವೂ ಆಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮನೆಗಾಗಿ ತನ್ನನ್ನೇ ಉರಿಸಿಕೊಳ್ಳುವ ಹೆಣ್ಣನ್ನು ಇದಕ್ಕಿಂತ ನೇರವಾಗಿ ತೋರಿಸಿದ ಪ್ರತಿಮೆ ನಮ್ಮ ಗಂಭೀರ ಚಿತ್ರಗಳಲ್ಲಿಯೂ ವಿರಳ.

ಇಂತಹ ಚಿತ್ರಗಳ ಉಪಾಯಗಳೆಲ್ಲ ಸರಳ: ಕ್ಯಾಮೆರಾವನ್ನು ನಿಲ್ಲಿಸಿ, ನಟನು ಅಲುಗದೆ ನಿಂತಿರಲು ವಸ್ತುವನ್ನು ಇಟ್ಟೋ ತೆಗೆದೋ ಮತ್ತೆ ಚಾಲೂ ಮಾಡುವುದು, ಕಪ್ಪುಬಟ್ಟೆಯ ಮೇಲೆ ಬಿಳಿಯ ಎಲುಬುಗಳನ್ನು ಬರೆದು ಕಪ್ಪು ತೆರೆಯ ಮುಂದೆ ಕುಣಿಸುವುದು, ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಎರಡು ಬಾರಿ ಬೆಳಕಿಗೊಡ್ಡುವುದು, ಮಿಂಚನ್ನೂ ಬಾಣಗಳ ಕಿಡಿಗಳನ್ನೂ ಕೈಯಿಂದ ಬರೆದು ಕೂಡಿಸುವುದು. ಕ್ಯಾಮೆರಾ ನಿಲ್ಲಿಸುವ ಯುಕ್ತಿಯನ್ನು ಫ್ರಾನ್ಸಿನ ಐಂದ್ರಜಾಲಿಕ ಮೆಲಿಯೆ 1902ರ ಚಂದ್ರಯಾನದ ಚಿತ್ರಕ್ಕೂ ಮೊದಲೇ ಸಾಧಿಸಿದ್ದನು. 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ನಲ್ಲಿ ಏಳು ಅಸ್ಥಿಪಂಜರಗಳ ಕಾಳಗಕ್ಕಾಗಿ ರೇ ಹ್ಯಾರಿಹೌಸನ್ ಬೊಂಬೆಗಳನ್ನು ಒಂದೊಂದು ಚೌಕಟ್ಟಿಗೂ ಕೂದಲೆಳೆಯಷ್ಟು ಸರಿಸುತ್ತ ನಾಲ್ಕು ತಿಂಗಳಿಗೂ ಮಿಕ್ಕಿ ಶ್ರಮಿಸಿದನು, ಅದರ ನಯವು ಆಚಾರ್ಯರ ಅಸ್ಥಿಪಂಜರಗಳಿಗಿಲ್ಲವೆಂಬುದು ನಿರ್ವಿವಾದ. ನಮ್ಮ ಪಕ್ಕದಲ್ಲಿಯೇ, 1957ರ ‘ಮಾಯಾಬಜಾರ್’ನಲ್ಲಿ, ಘಟೋತ್ಕಚನ ಬಾಯಿಗೆ ಲಡ್ಡುಗಳು ತಾವಾಗಿ ಹಾರಿಹೋಗುವಂತೆ ಕೆ. ವಿ. ರೆಡ್ಡಿ, ಮಾರ್ಕಸ್ ಬಾರ್ಟ್ಲೆ ಜೋಡಿ ಮಾಡಿತೋರಿಸಿದ ಕೌಶಲವೂ ಇವರಿಗಿಂತ ಒಂದು ಕೈ ಮೇಲು. ಡಿಸ್ನಿಯವರ 1964ರ ‘ಮೇರಿ ಪಾಪಿನ್ಸ್’ನಲ್ಲಂತೂ, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಚಿತ್ರದೊಳಕ್ಕೆ ಮಕ್ಕಳೂ ದಾದಿಯೂ ಜಿಗಿದು, ಬರೆದ ಪೆಂಗ್ವಿನ್ ಹಕ್ಕಿಗಳೂ ಜೀವಂತ ನರ್ತಕನೂ ಒಂದೇ ತಾಳಕ್ಕೆ ಹೆಜ್ಜೆಹಾಕುವ ಸೊಗಸು ಇಂದಿಗೂ ಮಾಸಿಲ್ಲ. ಆದರೆ ಅಲ್ಲಿ ಮಕ್ಕಳು ಮನೆಯನ್ನು ಬಿಟ್ಟು ಚಿತ್ರದೊಳಕ್ಕೆ ಹೋಗುತ್ತಾರೆ. ಇಲ್ಲಿ ಮಾಯೆಯೇ ಹೊಸಿಲು ದಾಟಿ ಮನೆಯೊಳಕ್ಕೆ ಬರುತ್ತದೆ. ನೋಡಿ ಮನೆಗೆ ಮರಳಿದ ಮಗುವಿಗೆ ರಾತ್ರಿ ಹಿತ್ತಿಲ ಬಾಗಿಲು, ಬಾವಿಯ ಕಟ್ಟೆ, ಆರಿದ ಒಲೆ, ಎಲ್ಲವೂ ಶಂಕಾಸ್ಪದವಾಗುವುದು ಈ ಎರಡನೆಯ ಬಗೆಯಿಂದಲೇ ಹೊರತು ಮೊದಲನೆಯದರಿಂದಲ್ಲ.

2009ರಲ್ಲಿ ತಮಿಳಿನವರು ‘ಜಗನ್ಮೋಹಿನಿ’ಯನ್ನು ಗಣಕಯಂತ್ರದ ನೆರವಿನಿಂದ ಮತ್ತೆ ತೆಗೆದರು, ಯಂತ್ರದ ಬಲ ಹೆಚ್ಚಿತು, ಬೆರಗು ಹೆಚ್ಚಲಿಲ್ಲ. ಎಲ್ಲವನ್ನೂ ಮಾಡಬಲ್ಲ ಯಂತ್ರಕ್ಕೆ ಯಾವುದನ್ನು ಮಾಡದೆ ಬಿಡಬೇಕೆಂಬ ವಿವೇಕವನ್ನು ನಿರ್ದೇಶಕನೇ ಕೊಡಬೇಕಷ್ಟೆ.

ದೋಷಗಳನ್ನು ಮುಚ್ಚಿಡುವುದು ವಿಮರ್ಶಕನಿಗೆ ಸಲ್ಲದು. ಮಿತವ್ಯಯವೇ ಆಚಾರ್ಯರ ಧರ್ಮವಾಗಿದ್ದರಿಂದ ಒಂದೇ ಸೆಟ್ಟು, ಒಂದೇ ಗುಹೆ, ಒಂದೇ ಮಾಂತ್ರಿಕ ಚಿತ್ರದಿಂದ ಚಿತ್ರಕ್ಕೆ ವೇಷ ಬದಲಿಸಿಕೊಂಡು ಬಂದಂತೆ ತೋರುತ್ತದೆ. ತಗಾದೆ ತೆಗೆದ ನಟನ ಪಾತ್ರವನ್ನು ಶಾಪವಿತ್ತು ಪಕ್ಷಿಯಾಗಿಯೋ ಮೃಗವಾಗಿಯೋ ಮಾರ್ಪಡಿಸಿ ಚಿತ್ರ ಮುಗಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತವಾಗಿದೆ. ಅದು ನಿಜವೋ ಕಥೆಯೋ, ಪಾತ್ರಗಳ ಅಂತರಂಗಕ್ಕೆ ಅವರು ಕೊಟ್ಟ ಗಮನ ಸ್ವಲ್ಪವೆಂಬುದಂತೂ ನಿಜ. ನರ್ತನದ ನೆಪದಲ್ಲಿ ಸ್ತ್ರೀದೇಹವನ್ನು ಪ್ರದರ್ಶನಕ್ಕಿಡುವ ಚಪಲವು ಕಡೆಗಾಲದ ಚಿತ್ರಗಳಲ್ಲಿ ಬೆಳೆದು, ಮನೆಮಂದಿಯ ಚಿತ್ರವೆಂಬ ಹೆಸರಿಗೇ ಕುಂದು ತಂದಿತು. ಎಲ್ಲಕ್ಕಿಂತ ನನ್ನನ್ನು ನೋಯಿಸುವುದು ‘ಜಗನ್ಮೋಹಿನಿ’ಯ ಪ್ರೇತಕ್ಕಾದ ಅನ್ಯಾಯ. ವಂಚಿತಳಾಗಿ ಪ್ರಾಣಬಿಟ್ಟು, ಪ್ರಿಯನನ್ನು ಅರಸುತ್ತ ಬಂದವಳನ್ನು ಕಥೆಯು ಕೇವಲ ಅಟ್ಟಬೇಕಾದ ಪೀಡೆಯೆಂದು ಗಣಿಸುತ್ತದೆ. ಪತಿವ್ರತೆಯ ಭಕ್ತಿಬಲಕ್ಕೆ ಜಯವಾಗುತ್ತದೆ, ಗಂಡಸು ನಿಶ್ಚಿಂತನಾಗಿ ಸಂಸಾರಕ್ಕೆ ಮರಳುತ್ತಾನೆ, ವಂಚನೆಯ ಲೆಕ್ಕವನ್ನು ಯಾವ ದೇವತೆಯೂ ಕೇಳುವುದಿಲ್ಲ. ಕಾಲನ್ನು ಒಲೆಗಿಟ್ಟವಳ ಪ್ರತಿಮೆಯನ್ನು ಕಂಡುಹಿಡಿದ ಕಣ್ಣು ಅವಳ ಅಳಲನ್ನು ಕಾಣದೆ ಹೋದದ್ದು ದೊಡ್ಡ ಕೊರತೆ. ಈ ಕಥೆಯನ್ನು ಅವಳ ಪಕ್ಷದಿಂದ, ಆ ಒಲೆಯನ್ನೂ ಆ ಸರಳ ಕೈಚಳಕವನ್ನೂ ಬಿಡದೆ, ಕನ್ನಡದವರೇ ಯಾರಾದರೂ ಮತ್ತೊಮ್ಮೆ ತೆಗೆಯಬೇಕು.