ಮೂಳೆಯನ್ನಷ್ಟೇ ಕಂಡ ಕ್ಯಾಮೆರಾ

‘ಟು ದ ಬೋನ್’ ಚಿತ್ರದ ನಾಯಕಿ ಎಲೆನ್‌ಗೆ ಇಪ್ಪತ್ತು ವರ್ಷ. ಚೆನ್ನಾಗಿ ಚಿತ್ರ ಬರೆಯುತ್ತಾಳೆ. ತನ್ನನ್ನು ಹಿಂಡಿಹಾಕುತ್ತಿರುವ ಅನೊರೆಕ್ಸಿಯಾವನ್ನೇ, ಅಂದರೆ ಊಟ ಬಿಡಿಸಿ ಮೈ ಸೊರಗಿಸುವ ಕಾಯಿಲೆಯನ್ನೇ, ವಸ್ತುವಾಗಿಸಿಕೊಂಡು ಬರೆದ ಚಿತ್ರಗಳನ್ನು ಟಂಬ್ಲರ್‌ನಲ್ಲಿ ಹಾಕಿದ್ದಳು. ಅವನ್ನು ನೋಡುತ್ತಿದ್ದ ಒಬ್ಬ ಹುಡುಗಿ ಜೀವ ಕಳೆದುಕೊಂಡಳು. ಕತೆ ಶುರುವಾಗುವ ಮೊದಲೇ ನಡೆದುಹೋದ ಸಂಗತಿ ಇದು. ತಾನು ಬರೆದದ್ದೇ ಆ ಸಾವಿಗೆ ಕಾರಣವಾಯಿತೇ ಎಂಬ ಪ್ರಶ್ನೆ ಎಲೆನ್‌ಳ ಬೆನ್ನು ಬಿಡುವುದಿಲ್ಲ. ಸಿನಿಮಾ ಮಾತ್ರ ಅದೇ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಳ್ಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಮಾರ್ಟಿ ನಾಕ್ಸನ್ ಬರೆದು ನಿರ್ದೇಶಿಸಿದ ಈ ಚಿತ್ರ 2017ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲು ತೆರೆಕಂಡಿತು. ಅದೇ ವರ್ಷ ಜುಲೈ 14ರಂದು ನೆಟ್‌ಫ್ಲಿಕ್ಸ್‌ಗೆ ಬಂತು. ನಾಕ್ಸನ್ ಹರೆಯದಲ್ಲಿ ಈ ಕಾಯಿಲೆಯನ್ನು ಅನುಭವಿಸಿದವರು, ಕತೆ ಅಲ್ಲಿಂದಲೇ ಹುಟ್ಟಿದ್ದು. ಎಲೆನ್ ಪಾತ್ರ ಮಾಡಿದ ಲಿಲಿ ಕಾಲಿನ್ಸ್ ಕೂಡ ಊಟದ ಜೊತೆ ಗುದ್ದಾಡಿದವರೇ, ಅದನ್ನು ಅದೇ ವರ್ಷ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಹಾಗಾಗಿ ವಿಷಯದ ಗಂಧಗಾಳಿ ಇಲ್ಲದವರು ಮಾಡಿದ ಸಿನಿಮಾ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಒಳಗಿನಿಂದ ಬಲ್ಲವರೇ ಮಾಡಿಯೂ ಇದು ಎಲ್ಲಿ ಎಡವಿತು ಎನ್ನುವುದು ಕುತೂಹಲದ ವಿಷಯ.

ಮೊದಲು ಗೆದ್ದ ಕಡೆ ಹೇಳಿಬಿಡುತ್ತೇನೆ. ಈ ಕಾಯಿಲೆಯ ಕತೆಗಳಿಗೆ ಅಂಟಿಕೊಂಡಿರುವ ಗೋಳಾಟ ಇಲ್ಲಿಲ್ಲ. ಎಲೆನ್ ಜಾಣೆ, ಮಾತು ಚುರುಕು. ಆ ಚುರುಕೇ ಅವಳು ಅಡಗಿಕೊಳ್ಳುವ ಗೋಡೆ ಎನ್ನುವುದನ್ನು ಕಾಲಿನ್ಸ್ ಅಬ್ಬರವಿಲ್ಲದೆ ಕಾಣಿಸುತ್ತಾರೆ. ಕುಟುಂಬವನ್ನು ಕೂರಿಸಿ ವೈದ್ಯರು ಮಾತಾಡಿಸುವ ದೃಶ್ಯವೊಂದಿದೆ. ಹೆತ್ತ ತಾಯಿ, ಆಕೆಯ ಸಂಗಾತಿ, ಮಲತಾಯಿ ಎಲ್ಲರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಕೂತಿರುವಾಗ, ತಂಗಿ ಕೆಲಿಯ ಸಿಟ್ಟು ಮತ್ತು ಅಳು ಒಟ್ಟಿಗೇ ಒಡೆಯುತ್ತವೆ. ಮನೆಯಲ್ಲಿ ಒಂದು ಮಗು ಕಾಯಿಲೆ ಬಿದ್ದಾಗ ಗಟ್ಟಿಯಾಗಿರುವ ಇನ್ನೊಂದು ಮಗುವಿನ ಪಾಡೇನು ಎಂದು ಕೇಳುವ ಸಿನಿಮಾಗಳು ಕಡಿಮೆ. ಇನ್ನು ಅಪ್ಪ! ಇಡೀ ಚಿತ್ರದಲ್ಲಿ ಅವನ ಮುಖವೇ ಕಾಣುವುದಿಲ್ಲ, ಯಾವಾಗಲೂ ಕೆಲಸದ ಮೇಲಿರುತ್ತಾನೆ. ಯಾವ ಸಂಭಾಷಣೆಯೂ ಇಲ್ಲದೆ ಆ ಮನೆಯ ಬಗ್ಗೆ ಬಹಳ ಹೇಳುವ ಆಯ್ಕೆ ಅದು.

ಆದರೆ ಕ್ಯಾಮೆರಾದ ಕತೆ ಬೇರೆ. ಬೆನ್ನುಮೂಳೆಯ ಮೇಲಿನ ಕಪ್ಪು ಕಲೆಗಳು, ಎದ್ದು ಕಾಣುವ ಭುಜದ ಮೂಳೆ, ತೋಳಿನ ಸುತ್ತಳತೆ ನೋಡಿಕೊಳ್ಳುವ ಬೆರಳು. ಕ್ಯಾಮೆರಾ ಇವುಗಳ ಮೇಲೆ ನಿಲ್ಲುತ್ತದೆ, ಹೋಗಿ ಮತ್ತೆ ಬರುತ್ತದೆ. ಊಟ ತಪ್ಪಿಸುವ, ಮನೆಯವರ ಕಣ್ಣಿಗೆ ಮಣ್ಣೆರಚುವ ಉಪಾಯಗಳನ್ನೂ ಸಾಲಾಗಿ ತೋರಿಸುತ್ತದೆ. ಅವುಗಳನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಕಾರಣ ಓದುಗರಿಗೆ ಗೊತ್ತಾಗುತ್ತದೆ. ಆರಂಭದಲ್ಲಿ ಎಚ್ಚರಿಕೆಯ ಸಾಲೇನೋ ಇದೆ. ಆರೋಗ್ಯವಾಗಿರುವ ಪ್ರೇಕ್ಷಕರು ಆ ಮೂಳೆಗಳನ್ನು ಕಂಡು ಬೆಚ್ಚುತ್ತಾರೆ, ನಿಜ. ಅನೊರೆಕ್ಸಿಯಾದ ಒಳಗಿರುವ ಹದಿನೈದರ ಹುಡುಗಿ ಬೆಚ್ಚುವುದಿಲ್ಲ, ಹೋಲಿಸಿಕೊಳ್ಳುತ್ತಾಳೆ. ‘ನಾನಿನ್ನೂ ಅಷ್ಟು ಸಣ್ಣ ಆಗಿಲ್ಲ, ಹಾಗಾದರೆ ನನಗೆ ಕಾಯಿಲೆಯೇ ಇಲ್ಲ’ ಎಂದುಕೊಳ್ಳುತ್ತಾಳೆ. ಹೆದರಿಸಲೆಂದು ತೋರಿಸಿದ್ದು ಅವಳ ಪಾಲಿಗೆ ಅಳತೆಗೋಲು. ನಾಕ್ಸನ್‌ಗೆ ಇದು ತಿಳಿಯದ ವಿಷಯವಲ್ಲ. ಟಂಬ್ಲರ್ ಹುಡುಗಿಯ ಕತೆ ಬರೆದವರೇ ಅವರು.

ಪಾತ್ರಕ್ಕಾಗಿ ಕಾಲಿನ್ಸ್ ಆಹಾರತಜ್ಞರ ಕಣ್ಗಾವಲಿನಲ್ಲಿ ತೂಕ ಇಳಿಸಿದರು. ಆ ದಿನಗಳಲ್ಲಿ ಅಮ್ಮನ ವಯಸ್ಸಿನ ಪರಿಚಯದ ಹೆಂಗಸೊಬ್ಬರು ‘ಎಷ್ಟು ಚೆನ್ನಾಗಿ ಕಾಣುತ್ತೀಯ, ಏನು ಮಾಡಿದೆ ಹೇಳು’ ಎಂಬರ್ಥದಲ್ಲಿ ಕೇಳಿದರಂತೆ. ಸಮಸ್ಯೆ ಇರುವುದೇ ಇದರಿಂದ ಎಂದು ಕಾಲಿನ್ಸ್ ಕಾರಿನಲ್ಲಿ ಕೂತು ತಮ್ಮ ತಾಯಿಗೆ ಹೇಳಿದ್ದನ್ನು ಸಂದರ್ಶನವೊಂದರಲ್ಲಿ ಸ್ಮರಿಸಿಕೊಂಡಿದ್ದಾರೆ. ಇಡೀ ಸಿನಿಮಾಕ್ಕಿಂತ ಈ ಪ್ರಸಂಗ ನನಗೆ ಹೆಚ್ಚು ತಾಗಿತು. ನಮ್ಮ ಮದುವೆ ಮನೆಗಳಲ್ಲಿ ‘ಸಣ್ಣ ಆಗಿದೀಯಲ್ಲೇ, ಈಗ ಲಕ್ಷಣವಾಗಿ ಕಾಣ್ತೀಯ’ ಎನ್ನುವ ಚಿಕ್ಕಮ್ಮಂದಿರೂ, ‘ಇವಳೇನು ಹೀಗೆ ಊದಿಕೊಂಡಿದ್ದಾಳೆ, ಗಂಡು ಹುಡುಕೋದು ಕಷ್ಟ’ ಎಂದು ನಗುವ ಮಾವಂದಿರೂ ಕೆಟ್ಟವರಲ್ಲ. ಆದರೆ ಆ ಹುಡುಗಿ ಆ ಸಂಜೆ ಎಲೆಯ ಮುಂದೆ ಏನು ಮಾಡಿದಳು ಎಂದು ಯಾರೂ ನೋಡಿರುವುದಿಲ್ಲ. ಇಂಥದ್ದೊಂದು ದೃಶ್ಯ ಚಿತ್ರದಲ್ಲಿ ಇದ್ದಿದ್ದರೆ ಪ್ರೇಕ್ಷಕನೂ ಪಾಲುದಾರನಾಗುತ್ತಿದ್ದ. ಈಗ ಅವನು ಬರೀ ನೋಡುಗ.

ಚಿತ್ರ ಬಂದ ನಾಲ್ಕೇ ತಿಂಗಳಿಗೆ, 2017ರ ನವೆಂಬರ್‌ನಲ್ಲಿ, ಲಂಡನ್ನಿನಲ್ಲಿ 14 ವರ್ಷದ ಮಾಲಿ ರಸೆಲ್ ತೀರಿಕೊಂಡಳು. ಸಿನಿಮಾಕ್ಕೂ ಆ ಸಾವಿಗೂ ಸಂಬಂಧ ಕಟ್ಟುವುದು ತಪ್ಪಾಗುತ್ತದೆ. ಆದರೆ ಎಲೆನ್‌ಳನ್ನು ಕಾಡಿದ ಪ್ರಶ್ನೆಯನ್ನು ಅಲ್ಲಿನ ಮರಣ ವಿಚಾರಣೆ ನೇರವಾಗಿಯೇ ಎತ್ತಿಕೊಂಡಿತು. ಸಾವಿಗೆ ಮುಂಚಿನ ಆರು ತಿಂಗಳಲ್ಲಿ ಆಕೆ ಇನ್‌ಸ್ಟಾಗ್ರಾಂನಲ್ಲಿ ಉಳಿಸಿಕೊಂಡ, ಹಂಚಿಕೊಂಡ ಅಥವಾ ಮೆಚ್ಚಿದ ಸುಮಾರು 16,300 ಪೋಸ್ಟ್‌ಗಳಲ್ಲಿ 2,100 ಖಿನ್ನತೆ, ಸ್ವಯಂಹಾನಿ, ಆತ್ಮಹತ್ಯೆಗೆ ಸಂಬಂಧಿಸಿದವು. ಖಿನ್ನತೆಯ ಜೊತೆಗೆ ಆನ್‌ಲೈನ್ ವಸ್ತುವಿಷಯದ ದುಷ್ಪರಿಣಾಮವೂ ಸೇರಿ ಆಕೆ ಸ್ವಯಂಹಾನಿಯಿಂದ ಸತ್ತಳು ಎಂದು 2022ರ ಸೆಪ್ಟೆಂಬರ್‌ನಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಅದಕ್ಕೆ ಒಂದು ವರ್ಷ ಮೊದಲು ಹೊರಬಿದ್ದ ಫೇಸ್‌ಬುಕ್ಕಿನ ಆಂತರಿಕ ಕಡತಗಳಲ್ಲಿ, ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಮೈಯ ಬಗೆಗಿನ ಬೇಸರವನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಎಂದು ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದು ಜಗತ್ತಿಗೆ ಗೊತ್ತಾಯಿತು. ಚಿತ್ರ, ಫೋಟೋ, ರೀಲು ಏನಾದರೂ ಇರಲಿ, ನೋಡುವ ಕಣ್ಣು ಯಾರದು ಎಂದು ಕೇಳದೆ ತೋರಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ನೆಟ್‌ಫ್ಲಿಕ್ಸ್ ‘13 ರೀಸನ್ಸ್ ವೈ’ ಸರಣಿಯ ಆತ್ಮಹತ್ಯೆಯ ದೃಶ್ಯವನ್ನು ಎರಡು ವರ್ಷ ಬಿಟ್ಟು, 2019ರಲ್ಲಿ, ಕತ್ತರಿಸಿ ತೆಗೆಯಿತು. ತೆಗೆದರೂ ಕತೆಗೇನೂ ಊನವಾಗಲಿಲ್ಲ.

ಉಪವಾಸವಿರುವ ಮಗು ತನ್ನ ಮೈಗೆ ಗಾಯವನ್ನೂ ಮಾಡಿಕೊಳ್ಳುವುದು ಅಪರೂಪವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಹಾರ ಸೇವನೆಯ ಕಾಯಿಲೆ ಇರುವವರಲ್ಲಿ ಶೇ. 27ರಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಹೀಗೆ ಮಾಡಿಕೊಂಡವರು. ತಿಂದು ಕಕ್ಕುವ ಬುಲಿಮಿಯಾದಲ್ಲಿ ಈ ಪಾಲು ಇನ್ನೂ ಹೆಚ್ಚು. ಉಪವಾಸ, ಗಾಯ ಎರಡರ ಹಿಂದೆಯೂ ತನ್ನ ದೇಹ ಶಿಕ್ಷೆಗೆ ಅರ್ಹ ಎಂಬ ನಂಬಿಕೆ ಹಲವೊಮ್ಮೆ ಇರುತ್ತದೆ, ಹೇಳಿಕೊಳ್ಳಲಾಗದ ಸಂಕಟಕ್ಕೆ ಒಂದು ಕ್ಷಣದ ಬಿಡುವೂ ಸಿಕ್ಕಂತೆ ಅನ್ನಿಸುತ್ತದೆ. ಚಿತ್ರ ಈ ನಂಟನ್ನು ತಟ್ಟಿ ಮುಂದೆ ಹೋಗುತ್ತದೆ, ತೆರೆದು ನೋಡುವುದಿಲ್ಲ.

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನಂತೂ ಅದು ಪೂರಾ ಮರೆತಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಯುದ್ಧಕ್ಕೆ ಒಲ್ಲೆನೆಂದು ಸ್ವಇಚ್ಛೆಯಿಂದ ಬಂದವರು, ಮೈ ಮನಸ್ಸು ಎರಡೂ ಗಟ್ಟಿ ಎಂದು ನೋಡಿ ಆರಿಸಿದವರು ಅವರು. ವಾರಗಳು ಕಳೆದಂತೆ ಊಟದ್ದೇ ಧ್ಯಾನ ಶುರುವಾಯಿತು. ಅಡುಗೆ ಪುಸ್ತಕ ಕೂಡಿಡುವವರು ಕೆಲವರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವವರು ಕೆಲವರು. ತಾವು ಸಣ್ಣಗಾಗಿದ್ದೇವೆ ಎನ್ನುವುದಕ್ಕಿಂತ ಉಳಿದವರೇ ದಪ್ಪಗಿದ್ದಾರೆ ಎಂದು ಕೆಲವರಿಗೆ ಅನ್ನಿಸತೊಡಗಿತು. ಖಿನ್ನತೆ ಆವರಿಸಿತು, ಒಬ್ಬ ಯುವಕನಂತೂ ತನ್ನ ಕೈಗೆ ತಾನೇ ತೀವ್ರ ಗಾಯ ಮಾಡಿಕೊಂಡ. ಇವರಿಗೆ ಕನ್ನಡಿಯ ಚಿಂತೆಯಿರಲಿಲ್ಲ, ಮುರಿದ ಮನೆಯ ಕತೆಯೂ ಬೇಕಾಗಲಿಲ್ಲ. ಹಸಿವೇ ಅಷ್ಟು ಕೆಲಸ ಮಾಡಿತು. ಅಂದರೆ ಅನೊರೆಕ್ಸಿಯಾದಲ್ಲಿ ಕಾಣುವ ಹಟ, ಮುನಿಸು, ಗೀಳುಗಳಲ್ಲಿ ದೊಡ್ಡ ಪಾಲು ಹುಡುಗಿಯ ಸ್ವಭಾವವಲ್ಲ, ಬರಿಹೊಟ್ಟೆಯ ಫಲ. ಅನ್ನವೇ ಮೊದಲ ಔಷಧ.

ಕಿಯಾನು ರೀವ್ಸ್ ಮಾಡಿರುವ ಡಾ. ಬೆಕಮ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಾನೆ. ಅವನ ಚಿಕಿತ್ಸಾ ಮನೆಯಲ್ಲಿ ಎಲ್ಲರೂ ಊಟದ ಮೇಜಿಗೆ ಬರಬೇಕು, ತಿನ್ನುವುದು ಬಿಡುವುದು ಅವರಿಗೆ ಬಿಟ್ಟದ್ದು. ಊಟದ ಮಾತೇ ಎತ್ತಬಾರದು. ಎಲೆನ್ ತೀರಾ ಕುಸಿದಾಗಲೂ, ಆಳಕ್ಕೆ ಬಿದ್ದರೆ ತಾನಾಗಿಯೇ ಏಳುತ್ತಾಳೆ ಎಂಬ ನಂಬಿಕೆಯಲ್ಲಿ ಅವಳನ್ನು ಬಿಟ್ಟುಕೊಡುತ್ತಾನೆ. ಸಿನಿಮಾಕ್ಕೆ ಇದು ಚಂದ. ವಾರ್ಡಿನಲ್ಲಿ ಹೀಗೆ ಮಾಡಿದರೆ ಅಪಾಯ. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವು ತರುವವುಗಳಲ್ಲಿ ಅನೊರೆಕ್ಸಿಯಾ ಒಂದು, ಆ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದು ಆತ್ಮಹತ್ಯೆ. ಬಾವಿಗೆ ಬಿದ್ದವನು ತಳ ಮುಟ್ಟಲಿ ಎಂದು ಹಗ್ಗ ಹಿಡಿದುಕೊಂಡೇ ಕಾಯುವವರನ್ನು ನಾವು ವೈದ್ಯರೆನ್ನುವುದಿಲ್ಲ.

ಹರೆಯದವರ ಅನೊರೆಕ್ಸಿಯಾಕ್ಕೆ ಇಂದು ಹೆಚ್ಚು ಪುರಾವೆ ಇರುವ ಚಿಕಿತ್ಸೆ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಅಲ್ಲಿ ತಂದೆತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ, ಚಿಕಿತ್ಸೆಯನ್ನೇ ಅವರ ಕೈಗೆ ಕೊಡುತ್ತಾರೆ. ಮಗುವಿನ ಪ್ರತಿ ಊಟದ ಹೊಣೆಯನ್ನು ಕೆಲಕಾಲ ಅವರೇ ಹೊರುತ್ತಾರೆ, ತೂಕ ಮರಳಿದಂತೆ ಮಗುವಿಗೇ ಹಿಂದಿರುಗಿಸುತ್ತಾರೆ. ‘ಟು ದ ಬೋನ್’ ಕೂಡ ಕೊನೆಗೆ ತಾಯಿಯ ಬಳಿಗೆ ಬರುತ್ತದೆ. ತಾಯಿ ಇಪ್ಪತ್ತರ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಶಿಶುವಿನಂತೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾಳೆ. ಹಲವು ವಿಮರ್ಶಕರು ಇದನ್ನು ನೋಡಿ ಮುಜುಗರಪಟ್ಟರು. ನನಗೆ ಹಾಗನ್ನಿಸಲಿಲ್ಲ. ಉಣಿಸುವ ಕೈ ಬೇಕು ಎಂಬ ಸತ್ಯದ ತೀರಾ ಹತ್ತಿರಕ್ಕೆ ಬಂದ ದೃಶ್ಯ ಅದು. ಆದರೆ ಚಿತ್ರ ಅದನ್ನು ಒಂದು ರಾತ್ರಿಯ ವಿಧಿಯಾಗಿಸಿತು. ನಿಜದ ಮನೆಗಳಲ್ಲಿ ಇದು ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ, ಅಳು ಬೈಗುಳಗಳ ನಡುವೆ ನಡೆಯುವ ಕೆಲಸ.

ಆ ಬಳಿಕದ ಮರುಭೂಮಿಯ ದೃಶ್ಯ ಚಿತ್ರದ ಅತ್ಯುತ್ತಮ ಭಾಗ. ಪ್ರಜ್ಞೆ ತಪ್ಪಿದ ಎಲೆನ್ ಕನಸಿನಲ್ಲಿ ಕೆಳಗೆ ಬಿದ್ದಿರುವ ಒಂದು ದೇಹವನ್ನು ಕಾಣುತ್ತಾಳೆ, ಅದು ತನ್ನದೆಂದು ಗುರುತು ಹತ್ತಲು ಅವಳಿಗೆ ಹೊತ್ತು ಹಿಡಿಯುತ್ತದೆ. ನಾವು ಮೊದಲಿನಿಂದ ಕಂಡದ್ದನ್ನು ಅವಳು ಈಗ ಮೊದಲ ಬಾರಿ ಕಾಣುತ್ತಿದ್ದಾಳೆ. ಇಡೀ ಚಿತ್ರದಲ್ಲಿ ಮೂಳೆ ತೋರಿಸಿದ್ದಕ್ಕೆ ಅರ್ಥ ಬಂದದ್ದು ಇಲ್ಲಿ ಮಾತ್ರ. ಈ ಒಂದೇ ನೋಟವನ್ನು ಉಳಿಸಿಕೊಂಡು ಮಿಕ್ಕವನ್ನು ಬಟ್ಟೆಯೊಳಗೇ ಬಿಟ್ಟಿದ್ದರೆ ಪೆಟ್ಟು ಇನ್ನೂ ಜೋರಾಗಿರುತ್ತಿತ್ತು.

ಇನ್ನೊಂದು ಕೊರತೆ. ಬೆಕಮ್‌ನ ಚಿಕಿತ್ಸಾ ಮನೆಯಲ್ಲಿ ಒಬ್ಬ ಕಪ್ಪು ಯುವತಿ ಇದ್ದಾಳೆ, ದೊಡ್ಡ ಮೈಯವಳು. ಅವಳಿಗೆ ಮಾತೇ ಕಡಿಮೆ. ಆಹಾರದ ಕಾಯಿಲೆ ಇರುವ ಬಹುಪಾಲು ಜನ ನೋಡಲು ಬಡಕಲಾಗಿರುವುದೇ ಇಲ್ಲ, ಆದರೂ ಕತೆಯ ಬೆಳಕು ಬಿಳಿಯ, ಸಿರಿವಂತ, ತೆಳ್ಳಗಿನ ಹುಡುಗಿಯ ಮೇಲೆಯೇ. ನಮ್ಮಲ್ಲೂ ಇದು ಪಾಶ್ಚಾತ್ಯರ, ಹಣವಂತರ ಕಾಯಿಲೆ ಎಂಬ ಭಾವನೆ ಗಟ್ಟಿಯಾಗಿದೆ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಒಮ್ಮೆಯಾದರೂ ಕಂಡಿದ್ದೇವೆ ಎಂದಿದ್ದರು. ಇಲ್ಲಿನ ಮಕ್ಕಳು ‘ದಪ್ಪ ಆಗ್ತೀನಿ’ ಎನ್ನದೆ ‘ಹೊಟ್ಟೆ ತೊಳೆಸುತ್ತೆ’, ‘ಇವತ್ತು ಗುರುವಾರ, ಒಪ್ಪೊತ್ತು’ ಎನ್ನಬಹುದು. ವ್ರತದ ಹೆಸರಲ್ಲಿ ಬಿಟ್ಟ ಊಟವನ್ನು ಯಾವ ಅಜ್ಜಿಯೂ ಅನುಮಾನಿಸುವುದಿಲ್ಲ.

ನನ್ನ ತೀರ್ಪು ಇಷ್ಟು. ಇದು ಪ್ರಾಮಾಣಿಕರು ಮಾಡಿದ, ಚೆನ್ನಾಗಿ ನಟಿಸಿದ, ಆದರೆ ಯಾರಿಗಾಗಿ ಎಂದು ಯೋಚಿಸದ ಸಿನಿಮಾ. ಊಟದ ಜೊತೆ ಜಗಳದಲ್ಲಿರುವ ಮಗು ಇದನ್ನು ನೋಡದಿರುವುದೇ ಒಳ್ಳೆಯದು. ದೊಡ್ಡವರು ನೋಡಲಿ, ಕೆಲಿಯ ಅಳುವನ್ನೂ ಕಾಣದ ಅಪ್ಪನನ್ನೂ ಗಮನಿಸಲಿ. ಮಗು ಸಣ್ಣಗಾಗುತ್ತಿದ್ದರೆ ಹೊಗಳಬೇಡಿ, ತೋಳು ಮುಚ್ಚಿಕೊಂಡೇ ಇರುತ್ತಿದ್ದರೆ ಗದರಬೇಡಿ, ಕೇಳಿ. ತಳ ಮುಟ್ಟುವವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.