ತೋಟದೊಳಗಿನ ದಾರಿ

ಚಾರಣ ಅಂದರೆ ನಮ್ಮವರಿಗೆ ಬೆಟ್ಟದ ತುದಿಯೇ ಆಗಬೇಕು. ಕುಮಾರಪರ್ವತ, ಸಾವನದುರ್ಗ, ಹತ್ತಿರದಲ್ಲೇ ಮುಗಿಸೋಣ ಅಂದರೆ ದೇವರಾಯನದುರ್ಗ. ತಿಪಟೂರು, ತುರುವೇಕೆರೆ ಕಡೆಗೆ ಬರುವವರು ಕೊಬ್ಬರಿ ಕೊಳ್ಳಲು ಬರುತ್ತಾರೆ, ಜಮೀನು ನೋಡಲು ಬರುತ್ತಾರೆ, ನಡೆಯಲು ಬರುವುದಿಲ್ಲ. ನನ್ನನ್ನು ಕೇಳಿದರೆ, ಬಯಲುಸೀಮೆಯಲ್ಲಿ ಬೆಳಗಿನಿಂದ ಸಂಜೆತನಕ ಕಾಲಾಡಿಸಲು ಇದರಷ್ಟು ಹದವಾದ ನೆಲ ಬೇರೆ ಇಲ್ಲ. ಮಾರ್ಚಿ ಬಿಸಿಲಲ್ಲೂ ಒಂದು ತೋಟದ ನೆರಳಿನಿಂದ ಇನ್ನೊಂದಕ್ಕೆ ದಾಟಿಕೊಂಡೇ ಊರಿಂದೂರಿಗೆ ಹೋಗಬಹುದು.

ಆದರೆ ಒಬ್ಬರೇ ಹೋಗಬಾರದು. ಇಲ್ಲಿ ದಾರಿಯೆಂದರೆ ಯಾರದೋ ತೋಟದ ಬದು. ಬೇಲಿಯ ಗೇಟು ಎಲ್ಲಿ, ನಾಯಿ ಯಾವ ಮನೆಯದು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಯಾವ ಬಂಡಿದಾರಿ ಮುಚ್ಚಿಹೋಗಿದೆ ಎಂಬುದು ನಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೇ ನಾನು ತಿಪಟೂರಿನ ಗೆಳೆಯರ ಗುಂಪಿನ ಬೆನ್ನು ಹತ್ತುವುದು. ಗುಂಪಿಗೆ ಹೆಸರಿಲ್ಲ, ಚಂದಾ ಇಲ್ಲ. ನಿವೃತ್ತ ಮೇಷ್ಟ್ರು, ಕೊಬ್ಬರಿ ಮಂಡಿಯ ಗುಮಾಸ್ತರು, ಇಬ್ಬರು ನರ್ಸಮ್ಮಂದಿರು, ಅವರ ಹಿಂದೆ ಬರುವ ಮಕ್ಕಳು. ಹತ್ತು ಹನ್ನೆರಡು ಮಂದಿಗೆ ಮೀರಿದರೆ ಮೇಷ್ಟ್ರಿಗೆ ಸಿಟ್ಟು. ಅದು ಸರಿಯೇ, ಇಪ್ಪತ್ತು ಜನ ತೋಟಕ್ಕೆ ನುಗ್ಗಿದರೆ ಅದು ನಡಿಗೆಯಲ್ಲ, ದಾಳಿ.

ಅವರ ಮೆಚ್ಚಿನ ದಾರಿ ನೊಣವಿನಕೆರೆಯಿಂದ ವಿಘ್ನಸಂತೆಗೆ. ಬಿಸಿಲೇರುವ ಮೊದಲು ಕೆರೆ ಏರಿ ಮುಗಿಸಿ ತೋಟಕ್ಕೆ ಇಳಿಯಬೇಕು. ಇಳಿದ ಮೇಲೆ ಎರಡು ಕಟ್ಟಳೆ. ಬುಡದಲ್ಲಿ ನಿಂತು ಹರಟಬಾರದು. ಕಾಯಿ ಬೀಳದಿದ್ದರೂ ಒಣಸೋಗೆ ಬೀಳುತ್ತದೆ, ಅದರ ಮಟ್ಟೆಯ ಪೆಟ್ಟೇನೂ ಕಮ್ಮಿಯಲ್ಲ. ಬಿದ್ದ ಕಾಯಿ ಮುಟ್ಟಬಾರದು. ನೆಲದಲ್ಲಿದ್ದ ಮಾತ್ರಕ್ಕೆ ಅದು ದಾರಿಹೋಕನದಾಗುವುದಿಲ್ಲ. ಎಳನೀರು ಕೇಳುವುದೂ ನನಗೆ ಸರಿಬೀಳದು. ಮದ್ದೂರಿನ ಕಡೆ ಎಳನೀರೇ ವ್ಯಾಪಾರ, ಇಲ್ಲಿ ಒಂದು ಎಳನೀರು ಕಿತ್ತರೆ ಒಂದು ಕೊಬ್ಬರಿ ಹೋದಂತೆ. ತಾವಾಗಿ ಕೊಟ್ಟರೆ ಕುಡಿಯಿರಿ. ಕೊಟ್ಟೇ ಕೊಡುತ್ತಾರೆ, ಅದು ಬೇರೆ ಮಾತು.

ಕೊಡುವ ಮುಂಚೆ ವಿಚಾರಣೆ ಇರುತ್ತದೆ. "ಏನ್ ಸ್ವಾಮಿ, ಜಮೀನ್ ನೋಡಕ್ ಬಂದಿದ್ರಾ?"

"ಇಲ್ಲ ಯಜಮಾನ್ರೆ, ಸುಮ್ನೆ ನಡ್ಕೊಂಡ್ ಹೋಗಣ ಅಂತ."

"ಸುಮ್ನೆ ಯಾರ್ ನಡೀತಾರೆ ಬುಡಿ."

ಗುಮಾಸ್ತರು ಮುಂದೆ ಬಂದು ಮಂಡಿಯ ಹೆಸರು ಹೇಳಿದ ಮೇಲೆಯೇ ನಂಬಿಕೆ. ಆಮೇಲೆ ಮಾತು ಕೊಬ್ಬರಿ ದರಕ್ಕೆ ಹೊರಳುತ್ತದೆ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ಪೇಟೆಯ ದರ ಅದರ ಎರಡು ಪಟ್ಟು ದಾಟಿತು. ಹಾಗಿದ್ದೂ ನಗುವವರು ಕಮ್ಮಿ, ಏಕೆಂದರೆ ಬೆಲೆ ಇದ್ದಾಗ ಕಾಯಿ ಇರಲಿಲ್ಲ. ತಲೆಯೆತ್ತಿ ನೋಡಿದರೆ ಕಾರಣ ಕಾಣುತ್ತದೆ: ಕಪ್ಪುತಲೆ ಹುಳು ಕೆರೆದು ಸುಟ್ಟಂತಾದ ಗರಿ, ಬಿಳಿನೊಣದ ಅಂಟಿನ ಮೇಲೆ ಕೂತ ಕಪ್ಪು ಬೂಷ್ಟು. ನಡೆಯುವವನು ಇದನ್ನೂ ನೋಡಬೇಕು. ಸೋಗೆಗೆ ಜೋತುಬಿದ್ದ ಗೀಜಗನ ಗೂಡನ್ನಷ್ಟೇ ಫೋಟೋ ತೆಗೆದು ಹೋದರೆ ತೋಟ ನೋಡಿದಂತಾಗಲಿಲ್ಲ.

ಯಾರಾದರೂ ಒಳಗೆ ಕರೆದರೆ ತಪ್ಪದೆ ಅಟ್ಟ ನೋಡಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ. ಬಿಸಿಲಿಗಿಟ್ಟು ಒಣಗಿಸುವ ಎಣ್ಣೆ ಕೊಬ್ಬರಿಯ ಲೆಕ್ಕ ಬೇರೆ; ಇದು ನೆರಳಲ್ಲಿ, ತನ್ನ ಚಿಪ್ಪಿನೊಳಗೇ ಮಾಗಬೇಕು. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಆಗ ಸುಲಿದು, ಚಿಪ್ಪನ್ನಷ್ಟೇ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯಬೇಕು. ಸೀಳಿದರೆ ದರ ಬಿತ್ತು. ಅಂಗಳದಲ್ಲಿ ಹೆಂಗಸರು ಕೈಕತ್ತಿಯ ಹಿಂಬದಿಯಿಂದ ತಟ್ಟುವುದನ್ನು ಗಳಿಗೆ ಹೊತ್ತು ನೋಡುತ್ತ ನಿಂತರೆ ಗುಂಪಿನ ವೇಳಾಪಟ್ಟಿ ಕೆಡುತ್ತದೆ. ಕೆಡಲಿ. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುವವರು ಈ ಗುಂಪಿಗೆ ಬರದಿದ್ದರೇ ಲೇಸು.

ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವನ್ನು 1286ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಅಣ್ಣತಮ್ಮಂದಿರು ಕಟ್ಟಿಸಿದರು. ಮೂವರೂ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕರು. ಬೇಲೂರನ್ನು ಕಣ್ಣಲ್ಲಿಟ್ಟುಕೊಂಡು ಬಂದವರಿಗೆ ಸಪ್ಪೆ ಅನ್ನಿಸೀತು. ಕಾಲು ಸೋತು ಬಂದವರಿಗೆ ಆ ತಣ್ಣನೆಯ ಕಲ್ಲುಹಾಸಿನಲ್ಲಿ ಬುತ್ತಿ ಬಿಚ್ಚುವ ಆಸೆಯಾಗುತ್ತದೆ. ಬಿಚ್ಚಬೇಡಿ, ಹೊರಗಿನ ಮರದಡಿ ಉಣ್ಣಿ.

ಬೆಟ್ಟ ಹತ್ತದೆ ಸಮಾಧಾನವಿಲ್ಲ ಅನ್ನುವವರಿಗೆ ಚಿಕ್ಕನಾಯಕನಹಳ್ಳಿ ಕಡೆ ಮದಲಿಂಗನ ಕಣಿವೆ ಇದೆ. ನಾದಿನಿಗೆ ಮನಸೋತ ಮದುಮಗನೊಬ್ಬ ಅತ್ತೆಯ ಷರತ್ತಿನಂತೆ ಹಿಮ್ಮುಖವಾಗಿ ಗುಡ್ಡ ಹತ್ತಿ ಪ್ರಾಣ ಬಿಟ್ಟನೆಂದು ಜನರ ಕಥೆ. ಅಲ್ಲಿ ತೋಟದ ನೆರಳಿಲ್ಲ, ಕಬ್ಬಿಣದ ಅದಿರಿನ ಕೆಂಪು ನೆಲ ಬೇಗ ಕಾಯುತ್ತದೆ. ಹತ್ತು ಗಂಟೆಯೊಳಗೆ ಇಳಿದುಬಿಡಿ, ನೀರು ತಲೆಗೆ ಎರಡು ಲೀಟರಿನಂತೆ ಊರಿನಿಂದಲೇ ಒಯ್ಯಿರಿ.